ನಾಳೆಗೆ ಎಷ್ಟ್ ರೊಟ್ಟಿ ಬಡೀಲಿ? ಹುಬ್ಬಳ್ಳಿ ಕಿಮ್ಸ್ ಹತ್ರದ ಒಂದು ಖಾನಾವಳಿ, 46 ದಿನ ಉಂಡವನ ರಿವ್ಯೂ

ಸ್ಟಾರ್ ಮೊದ್ಲ ಹೇಳಿಬಿಡ್ತೀನಿ, ಐದಕ್ಕ ಐದು. ಯಾಕ ಅಂತ ಹೇಳಾಕ ಸ್ವಲ್ಪ ಉದ್ದ ಬರೀಬೇಕಾಗತೈತಿ. ಬರೇ ಊಟಕ್ಕ ಜಾಗಾ ಹುಡುಕಾವ್ರು ರೇಟು ಟೈಮು ಅಷ್ಟ ನೋಡ್ಕೊಂಡು ಹೋಗ್ರಿ, ಆದ್ರ ಮನಿ ಮಂದಿನ್ನ ವಾರ್ಡಿನ್ಯಾಗ ಬಿಟ್ಟು ಹೊರಗ ಕಟ್ಟಿ ಮ್ಯಾಲ ಕುಂತು ಫೋನ್ ನೋಡಾಕತ್ತವ್ರು ಯಾರರ ಇದ್ರ ಪೂರ್ತಿ ಓದ್ರಿ, ನಿಮ್ಮ ಸಲುವಾಗೇ ಬರಿಯಾಕತ್ತೇನಿ.

ಜಾಗಾ ಹುಬ್ಬಳ್ಳಿ ವಿದ್ಯಾನಗರ, ಕಿಮ್ಸ್ ಸರ್ಕಾರಿ ಆಸ್ಪತ್ರಿ ಹತ್ರ ಒಂದು ಸಣ್ಣ ಓಣಿ. ಆಸ್ಪತ್ರಿ ಹೆಸರು ಈಗ ಬದಲಾಗೇತಿ, ಆದ್ರ ಆಟೋದವ್ರಿಂದ ಹಿಡದು ಎಲ್ಲಾರೂ ಇನ್ನೂ ಕಿಮ್ಸ್ ಅಂತನ ಕರೀತಾರ. ಹುಬ್ಬಳ್ಳಿ-ಧಾರವಾಡ ನಡುವ ಓಡೂ ಚಿಗರಿ ಬಸ್ಸಿಗೆ ಬಂದ್ರ ಕಿಮ್ಸ್ ಸ್ಟಾಪಿಗೆ ಇಳದು ಐದು ನಿಮಿಷ ನಡಿಬೇಕು. ಖಾನಾವಳಿಗೆ ಬೋರ್ಡ್ ಇಲ್ಲ, ಹೆಸರೂ ಇಲ್ಲ. ತಗಡಿನ ಶೆಡ್ಡು, ಬಾಗಲದಾಗ ನೀರಿನ ಡ್ರಮ್, ಒಳಗ ಎರಡು ಉದ್ದನ ಟೇಬಲ್, ಅವಕ್ಕ ನಾಕು ಉದ್ದನ ಬೆಂಚು. ಓಣಿ ಬಾಯಾಗ ನಿಂತ್ರ ರೊಟ್ಟಿ ಬಡಿಯೂ ಸಪ್ಪಳ ಕೇಳತೈತಿ, ಆ ಸಪ್ಪಳ ಹಿಡ್ಕೊಂಡು ಹೋಗ್ರಿ.

ಊಟ ಅಂದ್ರ ಎರಡು ಜ್ವಾಳದ ರೊಟ್ಟಿ, ಒಂದು ಕಾಳಿನ ಪಲ್ಯಾ, ಒಂದು ತಪ್ಪಲ ಪಲ್ಯಾ ಇಲ್ಲಾ ಬದನಿಕಾಯಿ, ಶೇಂಗಾ ಹಿಂಡಿ, ಕೆಂಪು ಖಾರ, ಹಸಿ ಉಳ್ಳಾಗಡ್ಡಿ, ಸೌತಿಕಾಯಿ, ಆಮ್ಯಾಲ ಅನ್ನ ಸಾರು ಮಜ್ಜಿಗಿ. 80 ರೂಪಾಯಿ. ಖಾನಾವಳಿ ನಡಸೂ ಅಕ್ಕಾರು ಹಿಟ್ಟು ಬಿಸಿ ನೀರಾಗ ನಾದ್ತಾರ, ನಾವು ಕುಂತ ಮ್ಯಾಲನ ಬಡೀತಾರ, ಹಂಚಿನ ಮ್ಯಾಲ ಹಾಕಿ ಒದ್ದಿ ಅರಬಿಲೆ ನೀರು ಸವರಿ ಹೊಳ್ಳಿಸಿ ಕೆಂಡದ ಕಡೆ ಹಿಡದ್ರ ಪುಗ್ಗದಂಗ ಉಬ್ಬತೈತಿ, ಆ ಉಬ್ಬಿದ್ದು ಇನ್ನೂ ಕೆಳಗ ಇಳಿಯೂದರಾಗ ನಿಮ್ಮ ತಾಟಿಗೆ ಬಂದಿರತೈತಿ. ಎಣ್ಣಿಗಾಯಿ ಇದ್ದ ದಿನ ಬಿಡಬ್ಯಾಡ್ರಿ, ಗುರೆಳ್ಳು ಶೇಂಗಾ ಹುರದು ಕುಟ್ಟಿ ತುಂಬಿರ್ತಾರ. ಸಾರು ಮಾತ್ರ ತೆಳು, ಅದನ್ನ ಖರೇ ಹೇಳಬೇಕು. ಖಾರ ಭಾಳ ಆತು ಅನಸಿದ್ರ ಮೊದ್ಲ ಹೇಳ್ರಿ, ಮೊಸರು ಹಾಕಿ ಕೊಡ್ತಾರ.

ಈಗ ನಾ ಯಾಕ ಅಲ್ಲೆ 46 ದಿನ ಉಂಡೆ ಅಂತ ಹೇಳ್ತೀನಿ.

ನಮ್ಮೂರು ಹಾವೇರಿ ಜಿಲ್ಲಾ ಹಾನಗಲ್ಲ ತಾಲೂಕು. ನಮ್ಮಾಕಿಗೆ 29ನೇ ವಾರಕ್ಕನ ಹೆರಿಗಿ ಆತು. ದಿನ ತುಂಬಿತು ಅನ್ನಬೇಕಂದ್ರ 37 ವಾರನರ ದಾಟಬೇಕು. ಹೆಣ್ಣುಕೂಸು, 1,080 ಗ್ರಾಂ, ಅಂಗಡ್ಯಾಗಿನ ಒಂದು ಕಿಲೋ ಸಕ್ರಿ ಪ್ಯಾಕೆಟ್ ಕೈಯಾಗ ಹಿಡದು ನೋಡ್ರಿ, ಅದಕ್ಕಿಂತ ಚೂರ ಹೆಚ್ಚು. ಮೊದ್ಲ ಒಂದು ಖಾಸಗಿ ಆಸ್ಪತ್ರ್ಯಾಗ ಇಟ್ವಿ, ಅಲ್ಲೆ ಕೂಸಿಗೆ ಏನಾಗೇತಿ ಅಂತ ಬಿಡಿಸಿ ಹೇಳೂದಕ್ಕಿಂತ ಮೊದ್ಲ ಕೌಂಟರಿಗೆ ಹೋಗಿ ಬರ್ರಿ ಅಂತಿದ್ರು, ನಾಕು ದಿನಕ್ಕ ಕೈಯಾಗಿನ ರೊಕ್ಕ, ನಮ್ಮಾಕಿ ಕೈಬಳಿ, ನಮ್ಮವ್ವನ ಬೋರಮಾಳ ಎಲ್ಲಾ ಮುಗೀತು. ಐದನೇ ದಿನ ಕಿಮ್ಸಿಗೆ ಬಂದ್ವಿ. ಅಷ್ಟೊತ್ತಿಗೆ ಕೂಸು 990 ಗ್ರಾಂಗೆ ಇಳದಿತ್ತು. ಹುಟ್ಟಿದ ಮೊದಲನೇ ವಾರ ಹೆಚ್ಚಿನ ಕೂಸುಗಳ ತೂಕ ಸ್ವಲ್ಪ ಇಳೀತೈತಿ, ಇಷ್ಟ ಸಣ್ಣವು ಇನ್ನೂ ಹೆಚ್ಚು ಇಳೀತಾವ ಅಂತ ನನಗ ಆಮ್ಯಾಲ ಗೊತ್ತಾತು, ಅವತ್ತ ಗೊತ್ತಿರಲಿಲ್ಲ, ಕೂಸು ಕರಗಿ ಹೊಂಟೈತಿ ಅಂತನ ತಿಳಕೊಂಡಿದ್ದೆ.

ಅವತ್ತ ರಾತ್ರಿ ಎಂಟಕ್ಕ ಈ ಖಾನಾವಳಿ ಒಳಗ ಕಾಲಿಟ್ಟೆ. ಹೊಟ್ಟಿ ಹಸಿದಿರಲಿಲ್ಲ, ಎರಡು ದಿನದಿಂದ ಚಾ ಮ್ಯಾಲ ಇದ್ದೆ, ಕಾಲು ನಡುಗಾಕ ಹತ್ತಿದ್ವು ಅಂತ ಬಂದೆ. ಮೂಲ್ಯಾಗ ಗ್ವಾಡಿ ಕಡೆ ಮುಖ ಮಾಡಿ ಕುಂತೆ. ಅಕ್ಕಾರು ಒಲಿ ಮುಂದಿಂದನ ಹೇಳಿದ್ರು, "ಗ್ವಾಡಿ ಕಡೆ ಮುಖ ಮಾಡಿ ಕುಂದ್ರಬ್ಯಾಡ ತಮ್ಮಾ, ಇತ್ತ ಬಾ." ಆಮ್ಯಾಲ ಮೂರು ಪ್ರಶ್ನೆ. ಯಾವ ವಾರ್ಡು, ಯಾರದಾರ, ಯಾವೂರು. ನಾ ಕೂಸಿನ ವಾರ್ಡು ಅಂದ ಕೂಡ್ಲೆ ಆ ಕಡೆ ಬೆಂಚಿನ್ಯಾಗ ಉಣ್ಣಾಕ ಕುಂತಿದ್ದ ಒಬ್ಬ ಅಜ್ಜಿಗೆ "ಯವ್ವಾ, ನಿಮ್ಮ ವಾರ್ಡಿನವನ ನೋಡು, ಜರಾ ಸರಿ" ಅಂದ್ರು. ಅಜ್ಜಿ ಅಣ್ಣಿಗೇರಿ ಕಡೆಯಾಕಿ, ಆಕಿ ಮೊಮ್ಮಗ 22 ದಿನದಿಂದ ಅದ ವಾರ್ಡಿನ್ಯಾಗ ಇದ್ದ. ನಾ ಕುಂತೆ. ಎಷ್ಟ್ ಗ್ರಾಂ ಅಂತ ಕೇಳಿದ್ಲು. 990 ಅಂದೆ. ಅಜ್ಜಿ ರೊಟ್ಟಿ ಮುರಕೊಂತ "ನಮ್ಮಂವ 870ಕ್ಕ ಇಳದಿದ್ದಾ, ಈಗ 1,240" ಅಂದ್ಲು.

ಆ ಒಂದು ಮಾತಿಗೆ ನಾ ಊಟ ಮಾಡಿದೆ. ಡಾಕ್ಟರು ಮುಂಜಾನೆನ ಹೇಳಿದ್ರು, ಹದಿನೈದು ದಿನ ಏನೂ ಹೇಳಾಕ ಬರಂಗಿಲ್ಲ ಅಂತ, ಅವರು ಹೇಳಿದ್ದು ಖರೇನ ಇತ್ತು. ಊರಿಂದ ಫೋನ್ ಮಾಡಿದವ್ರೆಲ್ಲಾ ದೇವರದಾನ, ಎಲ್ಲಾ ಛಲೋ ಆಗತೈತಿ ಅಂತಿದ್ರು, ಅವರ ಪ್ರೀತಿ ಬಗ್ಗೆ ನನಗ ಅನುಮಾನ ಇಲ್ಲ, ಆದ್ರ ಆ ಮಾತು ಕೇಳಿ ಫೋನ್ ಇಟ್ಟ ಮ್ಯಾಲ ಮತ್ತಷ್ಟ ಒಬ್ಬಂಟಿ ಅನಸ್ತಿತ್ತು. ಅಜ್ಜಿ ಹಂಗೇನೂ ಅನ್ನಲಿಲ್ಲ. 870, 1,240, ಎರಡು ನಂಬರ್ ಅಷ್ಟ.

ಊಟ ಮುಗದು ಕೈ ತೊಳ್ಕೊಂಡು ರೊಕ್ಕ ಕೊಡಾಕ ಹೋದ್ರ ಅಕ್ಕಾರು ಕೇಳಿದ್ರು, "ನಾಳೆಗೆ ಎಷ್ಟ್ ರೊಟ್ಟಿ ಬಡೀಲಿ?"

ಅವರು ಇದನ್ನ ಎಲ್ಲಾರಿಗೂ ದಿನಾ ಕೇಳ್ತಾರ. ಹಿಟ್ಟಿನ ಅಂದಾಜು ಸಿಗಬೇಕಲ್ಲ, ಅದಕ್ಕ ಕೇಳ್ತಾರ. ಆದ್ರ ಅವತ್ತ ನನಗ ನಾಳೆ ಅನ್ನೂದು ಇರತೈತೋ ಇಲ್ಲೋ ಅನ್ನೂ ಹಂತದಾಗ ಇದ್ದೆ, ರಾತ್ರಿ ವಾರ್ಡಿಂದ ಕರೀತಾರೇನೋ ಅಂತ ಫೋನ್ ಕೈಯಾಗ ಹಿಡ್ಕೊಂಡು ಕುಂದ್ರತಿದ್ದೆ. ಅಂಥಾದ್ರಾಗ ಒಬ್ಬರು ಬಂದು ನಾಳೆ ಎಷ್ಟು ರೊಟ್ಟಿ ಬೇಕು ಅಂತ ಕೇಳಿದ್ರ ಉತ್ತರ ಕೊಡಬೇಕಲ್ರಿ. "ಮಧ್ಯಾಹ್ನಕ್ಕ ಎರಡು, ರಾತ್ರಿಗೆ ಎರಡು" ಅಂದೆ. ಅಕ್ಕಾರು ನೋಟ್‌ಬುಕ್ಕಿನ್ಯಾಗ ಬರಕೊಂಡ್ರು, ಹೆಸರಿನ ಜಾಗಾದಾಗ "ಹಾನಗಲ್ಲ ಕೂಸು" ಅಂತ. 46 ದಿನ ನನ್ನ ಹೆಸರು ಅದ ಇತ್ತು.

ಮರುದಿನದಿಂದ ಆ ಬೆಂಚಿನ್ಯಾಗ ನಾ ಕಲತದ್ದು ಭಾಳ ಐತಿ. ಸರ್ಕಾರಿ ಆಸ್ಪತ್ರ್ಯಾಗ ಹೆರಿಗಿ, ಬಾಣಂತಿ ಔಷಧ, ಹುಟ್ಟಿದ ಕೂಸಿನ ಚಿಕಿತ್ಸಾ ಫ್ರೀ ಕೊಡಬೇಕು ಅಂತ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಐತಿ ಅನ್ನೂದು ನನಗ ಹೇಳಿದವ್ರು ಗದಗ ಕಡೆಯ ಒಬ್ಬ ಲಾರಿ ಡ್ರೈವರ್. ಬಿಪಿಎಲ್ ಕಾರ್ಡ್ ಇದ್ದವ್ರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಮನಿಗೆ ವರ್ಷಕ್ಕ 5 ಲಕ್ಷದ ತನಕ ಐತಿ, ಯಾವ ಕಾಗದ ಝೆರಾಕ್ಸ್ ಮಾಡಸ್ಕೊಂಡು ಕಿಸೇದಾಗ ಇಟ್ಕೋಬೇಕು, ಕೂಸಿನ ಜನನ ಪ್ರಮಾಣಪತ್ರಕ್ಕ ಯಾವಾಗ ಓಡಾಡಬೇಕು, ಬಟ್ಟಿ ಎಲ್ಲೆ ಒಣಗ ಹಾಕಬೇಕು, ರಾತ್ರಿ ಸೊಳ್ಳಿ ಇಲ್ಲದ ಜಾಗಾ ಯಾವುದು, ಎಲ್ಲಾ ಊಟದ ಮುಂದನ. ರೊಕ್ಕ ತೀರಾ ಕಮ್ಮಿ ಆದವ್ರಿಗೆ ಅಕ್ಕಾರ ಹೇಳ್ತಿದ್ರು, ಮುಂಜಾನೆ ಇಂದಿರಾ ಕ್ಯಾಂಟೀನಿಗೆ ಹೋಗ್ರಿ 5 ರೂಪಾಯಿಗೆ ನಾಷ್ಟಾ ಸಿಗತೈತಿ, ರಾತ್ರಿಗೆ ಇಲ್ಲೆ ಬರ್ರಿ, ಒಂದೊಂದು ಸಲ ಸಿದ್ಧಾರೂಢ ಮಠಕ್ಕ ಹೋಗಿ ಪ್ರಸಾದ ತಗೊಂಡು ಸ್ವಲ್ಪ ಹೊತ್ತು ಕುಂತು ಬರ್ರಿ, ಮನಸಿಗೂ ಹಗುರ ಆಗತೈತಿ ಅಂತ. ತನ್ನ ಗಿರಾಕಿಗೆ ಬ್ಯಾರೆ ಕಡೆ ಹೋಗಿ ಉಣ್ಣು ಅಂತ ಹೇಳೂ ಖಾನಾವಳಿಯವ್ರನ್ನ ನಾ ಮತ್ತೆಲ್ಲೂ ನೋಡಿಲ್ಲ.

ಎರಡು ದಿನ ಬಿಟ್ಟು ಅಕ್ಕಾರಿಗೆ ನಮ್ಮಾಕಿ ಊಟದ ಬಗ್ಗೆ ಗೊತ್ತಾತು. ಆಸ್ಪತ್ರಿ ಊಟ ಬರತಿತ್ತು, ಆದ್ರ ಆಕಿಗೆ ಹೋಗ್ತಿರಲಿಲ್ಲ. ಹಾಲು ಬರಾಕತ್ತಿರಲಿಲ್ಲ. ಕೂಸಿಗೆ ಮೂಗಿನ್ಯಾಗ ಸಣ್ಣ ನಳಿ ಹಾಕಿ ಎರಡು ತಾಸಿಗೊಮ್ಮೆ 2 ಎಂಎಲ್ ತಾಯಿ ಹಾಲು, ಅಷ್ಟ ಬೇಕಿದ್ದದ್ದು, ಅದೂ ಹಿಂಡಿದ್ರ ಬರತಿರಲಿಲ್ಲ, ಆಕಿ ಬಟ್ಟಲ ನೋಡ್ಕೊಂತ ಅಳಾಕಿ. ಮಾರನೇ ದಿನ ನಾ ಊಟಕ್ಕ ಹೋದ್ರ ಅಕ್ಕಾರು ಸ್ಟೀಲ್ ಡಬ್ಬಿ ಕೈಯಾಗ ಇಟ್ರು. ಸಬ್ಬಸಗಿ ಪಲ್ಯಾ, ಬಳ್ಳೊಳ್ಳಿ ಹಾಕಿದ ಮೆತ್ತನ ಹೆಸರಬ್ಯಾಳಿ, ಬಿಸಿ ರೊಟ್ಟಿ, ಮತ್ತ ಒಂದು ಸಣ್ಣ ಡಬ್ಬ್ಯಾಗ ಅಳವಿ ಬೀಜದ ಪಾಯಸ. ನಮ್ಮ ಕಡೆ ಬಾಣಂತಿಗೆ ತವರುಮನ್ಯಾಗ ಕೊಡೂ ಊಟ ಅದು. ನಮ್ಮ ಅತ್ತಿ ಹೋಗಿ ಆರು ವರ್ಷ ಆಗೇತಿ, ನಮ್ಮಾಕಿಗೆ ತವರಿನ ಕಡೆಯಿಂದ ಬಂದು ಇದನ್ನ ಮಾಡಿ ಹಾಕಾವ್ರು ಯಾರೂ ಇರಲಿಲ್ಲ. ಡಬ್ಬಿ ತಗದು ವಾಸನಿ ನೋಡಿ ಆಕಿ ಎಷ್ಟೊತ್ತನ ಸುಮ್ನ ಕುಂತ್ಲು, ಆಮ್ಯಾಲ ಪೂರ್ತಿ ಉಂಡ್ಲು. ಹಾಲು ಅಳವಿಗೆ ಬಂತೋ, ಹೊಟ್ಟಿ ತುಂಬ ಉಂಡದ್ದಕ್ಕ ಬಂತೋ, ಜೀವಕ್ಕ ಸಮಾಧಾನ ಆದದ್ದಕ್ಕ ಬಂತೋ ನನಗ ಗೊತ್ತಿಲ್ಲ, ಮೂರನೇ ದಿನಕ್ಕ ಬಂತು. ಡಬ್ಬಿ ಊಟಕ್ಕ ಅಕ್ಕಾರು ಹಚ್ಚಿದ್ದು 50 ರೂಪಾಯಿ, ಪಾಯಸಕ್ಕ ರೊಕ್ಕ ತಗೋಳಿಲ್ಲ.

ರಾತ್ರಿ ಊಟದಾಗ ಗ್ರಾಂ ಲೆಕ್ಕ ಶುರು ಆತು. ಅಜ್ಜಿ ಮೊದ್ಲ ಕೇಳಾಕಿ, ಆಮ್ಯಾಲ ಎಲ್ಲಾರೂ ಕೇಳಾಕ ಹತ್ತಿದ್ರು. ಕೂಸಿನ ವಾರ್ಡಿಗೆ ಸಂಬಂಧನ ಇಲ್ಲದವ್ರು, ಮುರದ ಕಾಲಿನವ್ರು, ಸುಟ್ಟ ಗಾಯದವ್ರ ಮನಿ ಮಂದಿ, ಎಲ್ಲಾರೂ "ಹಾನಗಲ್ಲ ಕೂಸು ಎಷ್ಟಾತು?" ಅಂತ. ಹದಿನಾಕನೇ ದಿನಕ್ಕ ಹೊಳ್ಳಿ 1,080ಕ್ಕ ಬಂತು, ಹುಟ್ಟಿದಾಗಿನ ತೂಕ. ಅವತ್ತ ಟೇಬಲ್ ಮ್ಯಾಲ ಬೆಲ್ಲದ ಚೂರು ಹಂಚಿದ್ರು. ಆಮ್ಯಾಲ ದಿನಕ್ಕ 15 ಗ್ರಾಂ, ಒಂದಿನ 20, ಒಂದಿನ ಏನೂ ಇಲ್ಲ. ಏನೂ ಏರದ ದಿನ ನಾ ಹೋಗದ ಇರಬೇಕು ಅಂತ ಮಾಡಿದ್ದೆ, ಮುಖ ತೋರಸಾಕ ಆಗ್ತಿರಲಿಲ್ಲ. ಆದ್ರ ರೊಟ್ಟಿ ಹೇಳಿಬಂದಿದ್ನಲ್ಲಾ, ಬಡದಿರ್ತಾರ, ಹೋಗಲೇಬೇಕು. ಹೋದೆ. ಸವಣೂರ ಚಾಚಾ ಒಬ್ರಿದ್ರು, ಅಣ್ಣನ್ನ ಕರಕೊಂಡು ಬಂದವ್ರು, ಅವತ್ತ ಅವರ ಅಣ್ಣಗೂ ಛಲೋ ಇರಲಿಲ್ಲ. ಇಬ್ರೂ ಮಾತಿಲ್ಲದ ಉಂಡ್ವಿ. ಎದ್ದು ಹೋಗೂಮುಂದ ಅವರು ಸವಣೂರ ವೀಳ್ಯದೆಲಿ ಒಂದು ಮಡಿಚಿ ನನ್ನ ಕೈಯಾಗ ಇಟ್ರು.

ಆ ಚಾಚಾನ ನನಗ ಇನ್ನೊಂದಕ್ಕೂ ಧೈರ್ಯ ಕೊಟ್ರು. ಕೂಸು ಸ್ವಲ್ಪ ಗಟ್ಟಿ ಆದ ಮ್ಯಾಲ ಸಿಸ್ಟರು ಕಾಂಗರೂ ಕೇರ್ ಮಾಡ್ರಿ ಅಂದ್ರು. ಕೂಸಿನ ಮೈಮ್ಯಾಲ ಡೈಪರ್ ಟೊಪ್ಪಿಗಿ ಬಿಟ್ಟು ಏನೂ ಇಲ್ಲದ ಬರೇ ಎದಿಗೆ ಹಚ್ಚಿ ಮ್ಯಾಲ ಬಟ್ಟಿ ಕಟ್ಟೂದು, ಮೈ ಕಾವಿಗೆ ಕೂಸು ಬೆಚ್ಚಗ ಇರತೈತಿ, ಉಸರಾಟ ಸಮ ಆಗತೈತಿ, ತೂಕ ಏರತೈತಿ. ಇದು 1970ರ ದಶಕದ ಕೊನಿಗೆ ಕೊಲಂಬಿಯಾ ದೇಶದ ಬೊಗೋಟಾದಾಗ ಶುರು ಆದದ್ದಂತ, ಅಲ್ಲೆ ಆಸ್ಪತ್ರ್ಯಾಗ ಇನ್‌ಕ್ಯುಬೇಟರ್ ಸಾಲದ ಒಂದೊಂದ್ರಾಗ ಎರಡೆರಡು ಕೂಸು ಇಡೂ ಪರಿಸ್ಥಿತಿ ಇತ್ತು, ಆಗ ಡಾಕ್ಟರು ತಾಯಿ ಎದಿಗೇ ಕೂಸು ಕಟ್ಟಿದ್ರು. ಈಗ ಜಗತ್ತಿನ ತುಂಬ ಮಾಡ್ತಾರ. ನಮ್ಮಾಕಿಗೆ ಹೊಲಿಗಿ ನೋವು, ತಾಸಗಟ್ಟಲೆ ಕುಂದ್ರಾಕ ಆಗ್ತಿರಲಿಲ್ಲ, ಸಿಸ್ಟರು ಅಪ್ಪನೂ ಮಾಡಬಹುದು ಅಂದ್ರು. ನನಗ ನಾಚಿಕಿ, ಅದಕ್ಕಿಂತ ಹೆಚ್ಚು ಹೆದರಿಕಿ, ನನ್ನ ಕೈ ಬಡಗಿ ಕೆಲಸದ್ದು, ದಪ್ಪ. ರಾತ್ರಿ ಊಟದಾಗ ಹೇಳಿದೆ. ಚಾಚಾ "ಅದು ನಿನ್ನ ಕೈ ನೋಡಂಗಿಲ್ಲ ಬೇಟಾ, ನಿನ್ನ ಎದಿ ಸಪ್ಪಳ ಕೇಳತೈತಿ, ಮಾಡು" ಅಂದ್ರು.

ಮಾಡಿದೆ. ಮೊದಲನೇ ದಿನ ಎದಿ ಮ್ಯಾಲ ಇಟ್ರ ಭಾರನ ಗೊತ್ತಾಗವಲ್ದು, ಒಂದು ಒಣಗಿದ ಎಲಿ ಇಟ್ಟಂಗ. ಬೆನ್ನಿನ ಮ್ಯಾಲ ಒಂದು ಬೆಳ್ಳು ಇಟ್ಟೆ, ಬೆನ್ನಿನ ಅರ್ಧಾ ಅದರಾಗ ಮುಚ್ಚಿ ಹೋತು. ಕೂಸಿನ ಉಸರು ಮೂರು ಸಲ ಜೋರ ಬರೂದು, ಆಮ್ಯಾಲ ಚೂರ ನಿಲ್ಲೂದು, ಆ ನಿಂತಾಗ ನನ್ನ ಉಸರೂ ನಿಲ್ಲೂದು. ಒಂದು ತಾಸಾದ ಮ್ಯಾಲ ಅದರ ಸಣ್ಣ ಕೈ ನನ್ನ ಎದಿ ಕೂದಲ ಹಿಡ್ಕೊಂತು, ಬಿಡಸಾಕ ಬಂದ ಸಿಸ್ಟರು ನಕ್ಕೊಂತ ಇನ್ನ ಸ್ವಲ್ಪ ಹೊತ್ತು ಇರ್ಲಿ ಬಿಡ್ರಿ ಅಂದ್ರು. ಅವತ್ತಿಂದ ದಿನಾ ಮಧ್ಯಾಹ್ನ ನಂದು, ರಾತ್ರಿ ಆಕಿದು.

25ನೇ ದಿನದ ಹೊತ್ತಿಗೆ ಕೂಸಿಗೆ ರಕ್ತ ಕಮ್ಮಿ ಆತು, ಇಂಥಾ ಸಣ್ಣ ಕೂಸುಗಳಿಗೆ ಆಗತೈತಂತ. ಬೇಕಿದ್ದದ್ದು 15 ಎಂಎಲ್, ಔಷಧದ ಎರಡು ಮೂರು ಚಮಚಾದಷ್ಟು. ರಕ್ತನಿಧಿಯೊಳಗ ಸಿಕ್ಕಿತು. ಆದ್ರ ಸುದ್ದಿ ಖಾನಾವಳಿಗೆ ಹೋಗಿ ಮುಟ್ಟಿತ್ತು, ನಾ ಹೋಗೂದರಾಗ ನಾಕು ಮಂದಿ ಉಣ್ಣದ ಕಾಯಾಕತ್ತಿದ್ರು, ನಮ್ಮದು ಕೊಡ್ತೀವಿ ನಡೀರಿ ಅಂತ. ನಾ ಬ್ಯಾಡ್ರಿ ಆತು ಅಂದ್ರೂ ಗದಗ ಡ್ರೈವರು ಮತ್ತ ಇನ್ನೊಬ್ಬ ಹುಡುಗ ಮರುದಿನ ಹೋಗಿ ಕೊಟ್ಟು ಬಂದ್ರು, ಬ್ಯಾರೆ ಯಾರಿಗರ ಆಗತೈತಿ ಅಂತ. ಗಂಡಸರು 90 ದಿನಕ್ಕೊಮ್ಮೆ ಕೊಡಬಹುದು, ಕಿಮ್ಸ್ ಕಡೆ ಹೋದವ್ರು ಕೈಲಾದ್ರ ಕೊಟ್ಟು ಬರ್ರಿ.

ಆ ಹುಡುಗನ ಬಗ್ಗೆ ಬರೀಬೇಕು. ಇಪ್ಪತ್ತೊಂದು ಇಪ್ಪತ್ತೆರಡು ವಯಸ್ಸು, ಕೊಪ್ಪಳ ಕಡೆಯಂವ, ಅಪ್ಪ ಐಸಿಯುದಾಗ ಇದ್ರು. ರಕ್ತ ಕೊಟ್ಟ ಮೂರು ದಿನಕ್ಕ ಅವರಪ್ಪ ತೀರಿದ್ರು. ರಾತ್ರಿ ಒಂಬತ್ತಕ್ಕ ಆಂಬುಲೆನ್ಸ್ ಬರೂ ತನಕ ಎಲ್ಲೆ ಇರಬೇಕು ಅಂತ ಗೊತ್ತಾಗದ ಖಾನಾವಳಿಗೆ ಬಂದ. ಯಾರೂ ಏನೂ ಕೇಳಲಿಲ್ಲ. ಅಜ್ಜಿ ಸರಿದು ಜಾಗಾ ಮಾಡಿದ್ಲು. ಅಕ್ಕಾರು ತಾಟು ಇಟ್ರು, ಅವ ಮುಟ್ಟಲಿಲ್ಲ, ಸುಮ್ನ ಕುಂತ. ಅವನ ಎರಡೂ ಕಡೆ ಕುಂತವ್ರೂ ಅವ ಏಳೂ ತನಕ ಉಣ್ಣಲಿಲ್ಲ. ಅವತ್ತ ಅಕ್ಕಾರು ಅವನಿಗೆ ನಾಳೆಗೆ ಎಷ್ಟು ಅಂತ ಕೇಳಲಿಲ್ಲ, "ನಿಮ್ಮವ್ವಗ ಎರಡು ರೊಟ್ಟಿ ಕಟ್ಟೇನಿ, ದಾರ್‍ಯಾಗ ಆಕಿಗೆ ಉಣಸು" ಅಂತ ಗಂಟು ಕೈಯಾಗ ಇಟ್ರು. ಹದಿನೈದು ದಿನ ಬಿಟ್ಟು ಆ ಹುಡುಗ ಹೊಳ್ಳಿ ಬಂದ, ತಲಿ ಬೋಳಿಸಿತ್ತು, ಹೆಗಲ ಮ್ಯಾಲ ಜ್ವಾಳದ ಚೀಲ. ಉದ್ರಿ 640 ರೂಪಾಯಿ ಇತ್ತು, ಕೊಟ್ಟ. ಜ್ವಾಳ ನಮ್ಮ ಹೊಲದ್ದು, ಇಟ್ಕೋರಿ ಅಂದ. ಆಮ್ಯಾಲ ಬೆಂಚಿನ್ಯಾಗ ಕುಂತು ನನ್ನ ಕಡೆ ನೋಡಿ "ಅಣ್ಣಾ, ಕೂಸು ಎಷ್ಟಾತು?" ಅಂದ. 1,610 ಆಗಿತ್ತು. ಹೇಳಾಕ ನನಗ ಗಂಟಲ ಕಟ್ಟಿತು. ಅವ ಖರೇನ ಖುಷಿಪಟ್ಟ, ಅದನ್ನ ನಾ ಅವನ ಮುಖದಾಗ ನೋಡೇನಿ.

ಅಕ್ಕಾರಿಗೆ ಒಂದ್ಸಲ ಕೇಳಿದ್ದೆ, ಹಿಂಗ ಉದ್ರಿ ಕೊಟ್ರ ಎಲ್ಲಾ ವಾಪಸ್ ಬರತೈತೇನ್ರಿ ಅಂತ. "ಎಲ್ಲಾ ಬರಂಗಿಲ್ಲ, ನಡಿಯೂವಷ್ಟು ಬರತೈತಿ" ಅಂದ್ರು, ಹಿಟ್ಟು ನಾದೂದು ನಿಲ್ಲಿಸಲಿಲ್ಲ.

ತೊಂದ್ರಿನೂ ಹೇಳ್ತೀನಿ. ಕೈ ತೊಳಿಯಾಕ ಒಂದ ನಳ, ಮಧ್ಯಾಹ್ನ ಒಂದರಿಂದ ಎರಡರ ತನಕ ಭಾಳ ಗದ್ದಲ, ಬ್ಯಾಸಿಗ್ಯಾಗ ತಗಡು ಕಾದು ಒಳಗ ಕುಂದ್ರಾಕ ಆಗಂಗಿಲ್ಲ, ಫ್ಯಾನು ಒಂದ ಐತಿ. ಅಮಾಸಿಗೆ ಬಂದ್, ಆಯಿತವಾರ ರಾತ್ರಿ ಬಂದ್. ಮುಂಜಾನೆ ನಾಷ್ಟಾ ಸಿಗಂಗಿಲ್ಲ, 11 ಗಂಟೆಯಿಂದ 3, ರಾತ್ರಿ 7ರಿಂದ ಒಂಬತ್ತೂವರಿ. ಫೋನ್ ಪೇ ನಡೀತೈತಿ. ಹೆಚ್ಚಿಗಿ ರೊಟ್ಟಿ ಒಂದಕ್ಕ 12. ಪಾರ್ಸಲ್ ಬೇಕಂದ್ರ ನಿಮ್ಮ ಡಬ್ಬಿ ಒಯ್ಯಬೇಕು, ಪ್ಲಾಸ್ಟಿಕ್‌ನ್ಯಾಗ ಬಿಸಿ ಸಾರು ಹಾಕಿ ಕೊಡಂಗಿಲ್ಲ. ಮತ್ತ ಒಬ್ಬರ ಬಂದ್ರ ಒಬ್ಬರನ ಕುಂದ್ರಾಕ ಬಿಡಂಗಿಲ್ಲ, ಯಾರದರ ಬಾಜೂಕ ಕುಂದ್ರಸ್ತಾರ, ಅದು ಕೆಲವರಿಗೆ ಸೇರಂಗಿಲ್ಲ. ಮೊದಲನೇ ರಾತ್ರಿ ನನಗೂ ಸೇರಿರಲಿಲ್ಲ. ಆದ್ರೂ ಒಂದು ಸಲ ಅವರ ಮಾತು ಕೇಳಿ ಕುಂದ್ರಿ ಅಂತ ನಾ ಕೈ ಮುಗದು ಹೇಳ್ತೀನಿ.

46ನೇ ದಿನ ಕೂಸು 1,650 ಗ್ರಾಂ. ಕಣ್ಣಿನ ಪರೀಕ್ಷಾ ಆಗಿತ್ತು, ತಾಯಿ ಎದಿಯಿಂದನ ಹಾಲು ಕುಡಿಯಾಕ ಹತ್ತಿತ್ತು, ಡಿಸ್ಚಾರ್ಜ್ ಬರದ್ರು. ಹಿಂದಿನ ರಾತ್ರಿ ಅಕ್ಕಾರು ರೂಢಿಯಂಗ ನಾಳೆಗೆ ಎಷ್ಟು ಅಂದ್ರು. "ನಾಳೆಗೆ ಬ್ಯಾಡ್ರಿ ಅಕ್ಕಾರ" ಅಂದೆ. ಅವರ ಕೈ ನಿಂತ್ವು, ಮುಖ ಎತ್ತಿ ಹೆದರಿಕೊಂಡು ನೋಡಿದ್ರು. "ಮನಿಗೆ ಹೊಂಟೀವ್ರಿ, ಕಳಸಾಕತ್ತಾರ" ಅಂತ ಲಗೂನ ಹೇಳಿದೆ. ಹಿಟ್ಟಿನ ಕೈಲೇ ಸೆರಗು ಹಿಡದು ಕಣ್ಣು ಒರಸ್ಕೊಂಡ್ರು, ನೋಟ್‌ಬುಕ್ ತಗದು "ಹಾನಗಲ್ಲ ಕೂಸು" ಅಂತ ಇದ್ದಲ್ಲೆ ಒಂದು ಗೆರಿ ಎಳದ್ರು, ಬಾಜೂಕ "ಮನಿಗೆ" ಅಂತ ಬರದ್ರು. ನಾ ಬಗ್ಗಿ ನೋಡಿದೆ, ಆ ಹಾಳ್ಯಾಗ ಹಂಗ ಬರದದ್ದು ಇನ್ನೂ ಭಾಳ ಇದ್ವು. ಬರೇ ಗೆರಿ ಎಳದು ಏನೂ ಬರೀದ ಬಿಟ್ಟವೂ ಇದ್ವು.

ಮಗಳಿಗೆ ಈಗ ಒಂಬತ್ತು ತಿಂಗಳು, ಕುಂದ್ರಾಕ ಕಲತಾಳ. ಮೊನ್ನೆ ನಮ್ಮ ಓಣಿಯವ್ರು ಒಬ್ರು ಮಗನ್ನ ಕರಕೊಂಡು ಕಿಮ್ಸಿಗೆ ಹೋದ್ರು, ಗಂಡ ಹೆಂಡ್ತಿ ಇಬ್ರೂ ಹುಬ್ಬಳ್ಳಿ ನೋಡಿದವ್ರಲ್ಲ. ನಾ ಅಕ್ಕಾರಿಗೆ ಫೋನ್ ಹಚ್ಚಿದೆ. ಎಷ್ಟ್ ಮಂದಿ ಅಂದ್ರು, ಇಬ್ರು ಅಂದೆ, ಯಾವ ವಾರ್ಡು ಅಂದ್ರು, ಹೇಳಿದೆ. "ಆತು, ನಾಕು ರೊಟ್ಟಿ ಬಡೀತೇನಿ, ಒಂಬತ್ತರೊಳಗ ಬರಾಕ ಹೇಳು. ಕೂಸು ಎಷ್ಟಾತು?"